ಬಿಬಿಸಿ ಮೈಕ್ರೋ ಗಣಕಯಂತ್ರದಲ್ಲಿ ಮಿನುಗುವ ಅಕ್ಷರಗಳು

ಮಿನುಗುವ ಅಕ್ಷರಗಳು ಎಂದರೆ ಗಣಕಯಂತ್ರದ ಪರದೆಯ ಮೇಲೆ ನಿಯತ ಅವಧಿಗೊಮ್ಮೆ ಬಣ್ಣ ಬದಲಿಸುವ ಅಥವಾ ಮರೆಯಾಗಿ ಮತ್ತೆ ಕಾಣಿಸಿಕೊಳ್ಳುವ ಅಕ್ಷರಗಳು. ಬ್ರಿಟನ್ನಿನ ಏಕಾರ್ನ್ ಕಂಪ್ಯೂಟರ್ಸ್ ಸಂಸ್ಥೆಯು 1981ರಲ್ಲಿ ಬಿಡುಗಡೆ ಮಾಡಿದ ಬಿಬಿಸಿ ಮೈಕ್ರೋ ಯಂತ್ರದಲ್ಲಿ ಈ ಮಿನುಗಿನ ವೇಗವನ್ನು ಬಳಕೆದಾರರೇ ನಿಗದಿಪಡಿಸಬಹುದಾಗಿತ್ತು.

ಭಾರತದ ಶಾಲೆಗಳಲ್ಲಿ

ಭಾರತ ಸರ್ಕಾರವು 1984–85ರಲ್ಲಿ ಆರಂಭಿಸಿದ ‘ಕ್ಲಾಸ್’ ಎಂಬ ಶಾಲಾ ಗಣಕ ಸಾಕ್ಷರತಾ ಯೋಜನೆಯಲ್ಲಿ ಬಿಬಿಸಿ ಮೈಕ್ರೋವನ್ನು ಬಳಸಲಾಯಿತು. ಸುಮಾರು 12,000 ಯಂತ್ರಗಳನ್ನು ರಾಜ್ಯ ಸರ್ಕಾರಗಳ ಮೂಲಕ ಪ್ರೌಢ ಮತ್ತು ಹಿರಿಯ ಪ್ರೌಢ ಶಾಲೆಗಳಿಗೆ ವಿತರಿಸಲಾಯಿತು. ಬ್ರಿಟನ್ನಿನಂತೆ ಭಾರತದಲ್ಲಿಯೂ ದೂರದರ್ಶನದ ‘ಪಾಲ್’ ಪದ್ಧತಿಯಿದ್ದುದರಿಂದ ಕಾಲಗಣನೆಯಲ್ಲಿ ವ್ಯತ್ಯಾಸವಿರಲಿಲ್ಲ.

ಕಾರ್ಯವಿಧಾನ

ಈ ಪದ್ಧತಿಯಲ್ಲಿ ಪರದೆಯ ಚಿತ್ರವು ಸೆಕೆಂಡಿಗೆ 50 ಬಾರಿ ಮರುಮೂಡುತ್ತದೆ. ಪ್ರತಿ ಬಾರಿಯೂ ಯಂತ್ರದ ಕಾರ್ಯಾಚರಣ ವ್ಯವಸ್ಥೆಯು ಒಂದು ಎಣಿಕೆಯನ್ನು ಒಂದರಂತೆ ಇಳಿಸುತ್ತದೆ. ಎಣಿಕೆ ಸೊನ್ನೆಗೆ ತಲುಪಿದಾಗ ದೃಶ್ಯ ಚಿಪ್‌ನಲ್ಲಿರುವ ಒಂದು ಬಿಟ್ ಬದಲಾಗಿ, ಜೋಡಿ ಬಣ್ಣಗಳಲ್ಲಿ ಇನ್ನೊಂದು ತೋರುತ್ತದೆ. ಅಕ್ಷರಗಳನ್ನು ಮತ್ತೆ ಬರೆಯುವುದಿಲ್ಲ. ಪರದೆಯ ಸ್ಮೃತಿಯೂ ಬದಲಾಗುವುದಿಲ್ಲ. 8ರಿಂದ 15ರವರೆಗಿನ ಬಣ್ಣಸಂಖ್ಯೆಗಳು ಇಂತಹ ಜೋಡಿಗಳಾಗಿವೆ. ಉದಾಹರಣೆಗೆ, 11 ಎಂದರೆ ಹಳದಿ ಮತ್ತು ನೀಲಿ.

ಅವಧಿಯ ನಿಯಂತ್ರಣ

‘ಎಫ್‌ಎಕ್ಸ್ 9’ ಆದೇಶವು ಮೊದಲ ಬಣ್ಣದ ಅವಧಿಯನ್ನೂ ‘ಎಫ್‌ಎಕ್ಸ್ 10’ ಎರಡನೆಯದರ ಅವಧಿಯನ್ನೂ ಸೆಕೆಂಡಿನ ಐವತ್ತನೆಯ ಭಾಗಗಳಲ್ಲಿ ನಿಗದಿಪಡಿಸುತ್ತವೆ. ಯಂತ್ರ ಆರಂಭವಾದಾಗ ಎರಡೂ 25 ಆಗಿರುತ್ತವೆ. ಅಂದರೆ ಪ್ರತಿ ಬಣ್ಣ ಅರ್ಧ ಸೆಕೆಂಡು ಇರುತ್ತದೆ. ಗರಿಷ್ಠ ಸಂಖ್ಯೆ 255, ಅಂದರೆ 5.1 ಸೆಕೆಂಡು. ಸೊನ್ನೆ ಕೊಟ್ಟರೆ ಆ ಬಣ್ಣ ಸ್ಥಿರವಾಗಿ ನಿಲ್ಲುತ್ತದೆ.

ಏಳನೆಯ ಪರದೆ ವಿಧಾನಕ್ಕೆ ಈ ಆದೇಶಗಳು ಅನ್ವಯಿಸುವುದಿಲ್ಲ. ಅಲ್ಲಿ ಟೆಲಿಟೆಕ್ಸ್ಟ್ ಚಿಪ್ ತಾನೇ ಮಿನುಗನ್ನು ನಿರ್ವಹಿಸುತ್ತದೆ: 136 ಎಂಬ ಸಂಕೇತ ಮಿನುಗನ್ನು ಆರಂಭಿಸುತ್ತದೆ, 137 ನಿಲ್ಲಿಸುತ್ತದೆ. 1982ರ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿಯೂ ವೇಗ ಸ್ಥಿರವಾದುದು. ಪ್ರತಿ 16 ಚಿತ್ರಗಳಿಗೊಮ್ಮೆ, ಅಂದರೆ ಸುಮಾರು 0.32 ಸೆಕೆಂಡಿಗೊಮ್ಮೆ, ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳು ಅದಲುಬದಲಾಗುತ್ತವೆ.

ಸುರಕ್ಷತೆ

ವೇಗವಾಗಿ ಮಿನುಗುವ ಬೆಳಕು ಕೆಲವರಲ್ಲಿ ಅಪಸ್ಮಾರವನ್ನು ಪ್ರಚೋದಿಸಬಲ್ಲದು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿನುಗು ಸಾಮಾನ್ಯವಾಗಿ ಇರಬಾರದೆಂದು ಇಂದಿನ ಜಾಲತಾಣ ಮಾರ್ಗಸೂಚಿಗಳು ಹೇಳುತ್ತವೆ. ಬಿಬಿಸಿ ಮೈಕ್ರೋದ ಆರಂಭಿಕ ವೇಗ ಸೆಕೆಂಡಿಗೆ ಒಂದು ಮಾತ್ರ. ಆದರೆ ಎರಡೂ ಅವಧಿಗಳನ್ನು 1 ಎಂದು ಇರಿಸಿದರೆ ಅದು 25ಕ್ಕೆ ಏರುತ್ತದೆ. ಎರಡು ಸಂಖ್ಯೆಗಳ ಮೊತ್ತ 17 ಅಥವಾ ಹೆಚ್ಚಿದ್ದರೆ ವೇಗವು ಮಿತಿಯೊಳಗೆ ಉಳಿಯುತ್ತದೆ.