ಪದಕ ಕೊಟ್ಟರು, ಪರಿಹಾರ ಕೊಡಲಿಲ್ಲ

ನಮ್ಮಲ್ಲಿ ಹಿರಿಯರನ್ನು ಗೌರವಿಸಬೇಕು ಅಂದ್ರೆ ಏನು ಮಾಡ್ತೀವಿ? ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸಿಕೊಳ್ತೀವಿ. ತಪ್ಪೇನಿಲ್ಲ. ಆದರೆ ಆ ಹಿರಿಯರ ಮನೆ ಸುಟ್ಟು ಹೋಗುವಾಗ ಜೊತೆಗಿದ್ದ ಆಡಳಿತವೇ ಶಾಲು ಹಿಡಿದು ಬಂದರೆ? ಅಮೆರಿಕದ ಟುಲ್ಸಾ ನಗರದ ಕಥೆ ಹೆಚ್ಚುಕಡಿಮೆ ಇದೇ.

ಒಕ್ಲಹೋಮಾ ರಾಜ್ಯದ ಟುಲ್ಸಾದಲ್ಲಿ ಗ್ರೀನ್‌ವುಡ್ ಅನ್ನೋ ಬಡಾವಣೆ. ಕಪ್ಪು ಜನ ಸ್ವಂತ ದುಡಿಮೆಯಿಂದ ಕಟ್ಟಿಕೊಂಡದ್ದು. ಅಂಗಡಿ, ಹೋಟೆಲು, ಸಿನಿಮಾ ಮಂದಿರ, ಪತ್ರಿಕೆ, ವೈದ್ಯರು, ವಕೀಲರು ಎಲ್ಲ ಅಲ್ಲೇ ಇದ್ದರು. 1921ರ ಮೇ 30ರಂದು ಲಿಫ್ಟ್‌ನಲ್ಲಿ ಬಿಳಿಯ ಹುಡುಗಿಯ ಮೇಲೆ ಕೈಮಾಡಿದ ಅಂತ ಬೂಟ್ ಪಾಲಿಶ್ ಹುಡುಗ ಡಿಕ್ ರೋಲಂಡ್ ಮೇಲೆ ಆರೋಪ ಬಂತು. ಮುಂದೆ ಆ ಕೇಸು ನಿಲ್ಲಲೇ ಇಲ್ಲ. ಆದರೆ ಮರುದಿನ ರಾತ್ರಿಯಿಂದ ಜೂನ್ 1ರವರೆಗೆ ಬಿಳಿಯರ ಗುಂಪು ಗ್ರೀನ್‌ವುಡ್‌ಗೆ ನುಗ್ಗಿ ದೋಚಿತು, ಕೊಂದಿತು, ಬೆಂಕಿ ಇಟ್ಟಿತು. ಆ ಗುಂಪಿನಲ್ಲಿದ್ದ ಹಲವರಿಗೆ ಪೊಲೀಸರೇ ಅಧಿಕಾರ ಕೊಟ್ಟು ಕಳಿಸಿದ್ದರು. ಸುಮಾರು 35 ಬ್ಲಾಕ್‌ಗಳು, 1,200ಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಸರ್ಕಾರಿ ಲೆಕ್ಕದಲ್ಲಿ ಸತ್ತವರು 36 ಜನ. ಇತಿಹಾಸಕಾರರ ಅಂದಾಜು 300ರವರೆಗೆ ಹೋಗುತ್ತದೆ. ಶಿಕ್ಷೆಯಾದ ಬಿಳಿಯರು? ಒಬ್ಬರೂ ಇಲ್ಲ.

ಇಲ್ಲೊಂದು ಪದದ ಆಟ ನೋಡಿ. ಅಧಿಕಾರಿಗಳು ಇದನ್ನು 'ದಂಗೆ' ಅಂತ ಕರೆದರು. ದಂಗೆಯಲ್ಲಿ ಆದ ನಷ್ಟಕ್ಕೆ ವಿಮೆ ಇಲ್ಲ ಅಂತ ಪಾಲಿಸಿಯಲ್ಲೇ ಬರೆದಿತ್ತು. ಮನೆ ಕಳೆದುಕೊಂಡವರಿಗೆ ವಿಮೆ ಹಣವೂ ಹೋಯಿತು! ಹತ್ಯಾಕಾಂಡವನ್ನು ಹತ್ಯಾಕಾಂಡ ಅನ್ನಬೇಕು ಅಂತ ಅವರು ಯಾಕೆ ಹಟ ಹಿಡಿದರು ಅಂತ ಈಗ ಅರ್ಥ ಆಯ್ತಲ್ಲ?

ರಾಜ್ಯವೇ ನೇಮಿಸಿದ ಆಯೋಗ 2001ರಲ್ಲಿ ವರದಿ ಕೊಟ್ಟು, ಬದುಕುಳಿದವರಿಗೆ ಪರಿಹಾರ ಕೊಡಿ ಅಂತ ಶಿಫಾರಸು ಮಾಡಿತು. ಅವರಿಗೆ ಸಿಕ್ಕಿದ್ದು ಪದಕ. ಕೋರ್ಟಿಗೆ ಹೋದರೆ, ಅವಧಿ ಮೀರಿದೆ ಅಂದರು. ದೂರು ಕೊಡಬೇಕಾದ ಕಾಲದಲ್ಲಿ ಅದೇ ಊರಿನ ಯಾವ ಕೋರ್ಟು ಅವರ ಮಾತು ಕೇಳುತ್ತಿತ್ತು ಸ್ವಾಮಿ?

ವಯೋಲಾ ಫ್ಲೆಚರ್ ಆಗ ಏಳು ವರ್ಷದ ಹುಡುಗಿ. ನಾಲ್ಕನೇ ತರಗತಿಗೇ ಓದು ನಿಂತಿತು. ಬದುಕಿನ ಬಹುಪಾಲು ಬಿಳಿಯರ ಮನೆಗೆಲಸದಲ್ಲೇ ಕಳೆಯಿತು. 2021ರಲ್ಲಿ, ತಮ್ಮ 107ನೇ ವಯಸ್ಸಿನಲ್ಲಿ, ಅಮೆರಿಕದ ಸಂಸತ್ ಸಮಿತಿಯ ಮುಂದೆ ಕೂತು ಆ ರಾತ್ರಿಯ ಹೆಣಗಳನ್ನು, ಹೊಗೆಯನ್ನು ನೆನಪಿಸಿಕೊಂಡರು. ತಮ್ಮ ಹ್ಯೂಸ್ ವ್ಯಾನ್ ಎಲ್ಲಿಸ್ 2023ರಲ್ಲಿ ತೀರಿಕೊಂಡರು. 2024ರಲ್ಲಿ ಒಕ್ಲಹೋಮಾದ ಸುಪ್ರೀಂ ಕೋರ್ಟ್ ಕೊನೆಯ ದಾವೆಯನ್ನೂ ವಜಾ ಮಾಡಿತು. 2025ರಲ್ಲಿ ಟುಲ್ಸಾ ಮೇಯರ್ 10.5 ಕೋಟಿ ಡಾಲರ್‌ಗಳ ಖಾಸಗಿ ಟ್ರಸ್ಟ್ ಯೋಜನೆ ಪ್ರಕಟಿಸಿದರು. ಮನೆ, ವಿದ್ಯಾರ್ಥಿವೇತನ ಎಲ್ಲ ಅದರಲ್ಲಿದೆ. ಬದುಕುಳಿದವರ ಕೈಗೆ ನೇರವಾಗಿ ಹಣ ಕೊಡುವ ಮಾತಿಲ್ಲ. ಅದೇ ನವೆಂಬರ್‌ನಲ್ಲಿ ಫ್ಲೆಚರ್ ಅಜ್ಜಿಯೂ ಹೋದರು. ಉಳಿದದ್ದು ಲೆಸ್ಸಿ ರ್‍ಯಾಂಡಲ್ ಒಬ್ಬರೇ.

ಅಜ್ಜ ಮಾಡಿದ ತಪ್ಪಿಗೆ ಮೊಮ್ಮಗ ಯಾಕೆ ದಂಡ ಕಟ್ಟಬೇಕು ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಲ್ಲಿ ಕಟ್ಟಬೇಕಾದ್ದು ಯಾರದೋ ಮೊಮ್ಮಗ ಅಲ್ಲ, ನಗರಾಡಳಿತ. ಮನುಷ್ಯ ಸಾಯ್ತಾನೆ, ನಗರಾಡಳಿತ ಸಾಯೋದಿಲ್ಲ. ಹಳೆಯ ಆಡಳಿತ ಮಾಡಿದ ಸಾಲವನ್ನು ಹೊಸ ಆಡಳಿತ ತೀರಿಸುತ್ತೆ, ಅಲ್ವಾ? ಇದೂ ಸಾಲವೇ. ಆಗದ ಕೆಲಸವೂ ಅಲ್ಲ. 1923ರ ರೋಸ್‌ವುಡ್ ಹತ್ಯಾಕಾಂಡಕ್ಕೆ ಫ್ಲಾರಿಡಾ ರಾಜ್ಯ 1994ರಲ್ಲಿ ಸುಮಾರು 21 ಲಕ್ಷ ಡಾಲರ್ ಪರಿಹಾರ ಮಂಜೂರು ಮಾಡಿತು.

ಪುತ್ಥಳಿ, ಸ್ಮಾರಕ, ಪದಕ, ಎಲ್ಲ ಇರಲಿ, ನಾನು ಬೇಡ ಅನ್ನೋದಿಲ್ಲ. ಆದರೆ ಸಾಲಗಾರ ಸಾಲ ತೀರಿಸದೆ ಸನ್ಮಾನ ಮಾಡಿದರೆ ಅದನ್ನು ಗೌರವ ಅಂತ ನಾನು ಒಪ್ಪಲಾರೆ. ಹಕ್ಕುದಾರರು ಒಬ್ಬೊಬ್ಬರಾಗಿ ಸಾಯುವವರೆಗೆ ಕಾಯೋದು ಕೂಡ ಒಂದು ತೀರ್ಪೇ. ಯಾರೂ ಸಹಿ ಹಾಕದ ತೀರ್ಪು, ಅಷ್ಟೇ.