ಹೆಪಟೈಟಿಸ್ ಮತ್ತು ಎಚ್‌ಐವಿ: ಭಾರತದ ಸಾರ್ವಜನಿಕ ಆರೋಗ್ಯದಲ್ಲಿ

ಹೆಪಟೈಟಿಸ್ ಎಂದರೆ ಯಕೃತ್ತಿನ ಉರಿಯೂತ. ಇದಕ್ಕೆ ಕಾರಣವಾದ ವೈರಸ್‌ಗಳಲ್ಲಿ ಎ ಮತ್ತು ಇ ಕಲುಷಿತ ನೀರು, ಆಹಾರದಿಂದ ಹರಡುತ್ತವೆ. ಬಿ ಮತ್ತು ಸಿ ಮುಖ್ಯವಾಗಿ ರಕ್ತ, ದೇಹದ್ರವಗಳ ಮೂಲಕ ದೇಹ ಸೇರಿ, ವರ್ಷಗಟ್ಟಲೆ ಲಕ್ಷಣವಿಲ್ಲದೆ ಉಳಿದು, ಸಿರೋಸಿಸ್ (ಯಕೃತ್ತು ಗಡುಸಾಗುವ ರೋಗ) ಹಾಗೂ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಎಚ್‌ಐವಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ವೈರಸ್. ಚಿಕಿತ್ಸೆ ಸಿಗದಿದ್ದರೆ ಸೋಂಕು ಏಡ್ಸ್ ಹಂತ ಮುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ, 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇತ್ತು. ಎಚ್‌ಐವಿ ಸೋಂಕಿತರು ಸುಮಾರು 25 ಲಕ್ಷ.

ಹರಡುವ ಬಗೆ: ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡಲು ಸೋಂಕಿನ ರಕ್ತ, ಹಂಚಿಕೊಂಡ ಸೂಜಿ, ಅಸುರಕ್ಷಿತ ಲೈಂಗಿಕ ಸಂಪರ್ಕ, ತಾಯಿಯಿಂದ ಮಗುವಿಗೆ ದಾಟುವಿಕೆ ಇವು ಮುಖ್ಯ ಮಾರ್ಗಗಳು. ಹೆಪಟೈಟಿಸ್ ಸಿ ಲೈಂಗಿಕ ಸಂಪರ್ಕದಿಂದ ಹರಡುವುದು ಕಡಿಮೆ. ಒಟ್ಟಿಗೆ ಕೂತು ಉಣ್ಣುವುದರಿಂದ, ಕೈಕುಲುಕುವುದರಿಂದ ಈ ಮೂರೂ ಹರಡುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕಬಲ್ಲದು; ಕ್ಷೌರದ ಬ್ಲೇಡು, ಹಚ್ಚೆಯ ಸೂಜಿಗಳೂ ಅಪಾಯ ತರಬಲ್ಲವು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿ ಹಲವರು ಸತ್ತರು.

ಸಮುದಾಯಗಳು: 1986ರಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಚೆನ್ನೈನಲ್ಲಿ ಭಾರತದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆಹಚ್ಚಿದರು. ಮ್ಯಾನ್ಮಾರ್ ಗಡಿಯ ಮಣಿಪುರದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರು ಸೂಜಿ ಹಂಚಿಕೊಂಡಿದ್ದರಿಂದ ಎಚ್‌ಐವಿ, ಹೆಪಟೈಟಿಸ್ ಸಿ ಜೊತೆಯಾಗಿ ಹರಡಿದವು. ಅಲ್ಲಿ ಹೊಸ ಸೂಜಿ ವಿತರಣೆ ಮತ್ತು ಹೆರಾಯಿನ್‌ಗೆ ಬದಲಿ ಔಷಧ ನೀಡುವ ಕ್ರಮ ಬಂದವು. ಕರ್ನಾಟಕದಲ್ಲಿ ಎಚ್‌ಐವಿ ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಹರಡಿತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ತೀವ್ರವಾಗಿ ಬಾಧಿತವಾದವು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರೇ ಕಟ್ಟಿದ ಆಶೋದಯ ಸಮಿತಿ ಕಾಂಡೋಮ್ ಬಳಕೆ, ತಪಾಸಣೆ, ಚಿಕಿತ್ಸೆಗಳನ್ನು ಸಮುದಾಯದ ಒಳಗಿನಿಂದಲೇ ನಡೆಸಿತು. ಪೊಲೀಸರಿಗೂ ಸಮಾಜಕ್ಕೂ ಹೆದರಿ ಆಸ್ಪತ್ರೆಯಿಂದ ದೂರ ಉಳಿಯುವವರನ್ನು ತಲುಪಲು ಅವರಲ್ಲೇ ಒಬ್ಬರು ಮುಂದಾಗಬೇಕೆಂಬುದು ಈ ಕೆಲಸದಿಂದ ಸ್ಪಷ್ಟವಾಯಿತು.

ತಡೆ ಮತ್ತು ಚಿಕಿತ್ಸೆ: ಹೆಪಟೈಟಿಸ್ ಬಿಗೆ ಲಸಿಕೆಯಿದೆ, ಮೊದಲ ಡೋಸನ್ನು ಮಗು ಹುಟ್ಟಿದ 24 ಗಂಟೆಯೊಳಗೆ ಕೊಡಬೇಕು. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ. ಆದರೆ ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ಶೇ. 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಎಚ್‌ಐವಿಗೆ ಜೀವನಪರ್ಯಂತ ಎಆರ್‌ಟಿ (ವೈರಸ್ಸನ್ನು ಹತ್ತಿಕ್ಕುವ ಔಷಧ ಚಿಕಿತ್ಸೆ) ಬೇಕು. ವೈರಸ್ ಪತ್ತೆಯಾಗದಷ್ಟು ತಗ್ಗಿದರೆ ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಟೆನೊಫೊವಿರ್ ಔಷಧ ಎಚ್‌ಐವಿ, ಹೆಪಟೈಟಿಸ್ ಬಿ ಎರಡನ್ನೂ ಹತೋಟಿಯಲ್ಲಿಡುತ್ತದೆ. ಹೆಪಟೈಟಿಸ್‌ನ ಲಕ್ಷಣವಾದ ಕಾಮಾಲೆಗೆ ನಾಟಿ ಔಷಧ ಕುಡಿದು ಸುಮ್ಮನಾಗುವ ರೂಢಿ ನಮ್ಮಲ್ಲಿ ವ್ಯಾಪಕ. ಹೆಪಟೈಟಿಸ್ ಎ ಬಹುಮಟ್ಟಿಗೆ ತಾನಾಗಿಯೇ ಗುಣವಾಗುವುದರಿಂದ ಆ ನಂಬಿಕೆ ಬಲವಾಗುತ್ತದೆ. ಬಿ, ಸಿ ಮಾತ್ರ ಪತ್ತೆಯಾಗದೆ ಉಳಿಯುತ್ತವೆ. ರಕ್ತಪರೀಕ್ಷೆಯೊಂದೇ ಇವನ್ನು ಗುರುತಿಸುವ ದಾರಿ.

ಕಾರ್ಯಕ್ರಮಗಳು: ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ 1992ರಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ 2004ರಲ್ಲಿ ಆರಂಭವಾದವು. ಉಚಿತ ಪರೀಕ್ಷೆ, ಚಿಕಿತ್ಸೆಯ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಬಂದದ್ದು 2018ರ ಜುಲೈ 28ರಂದು. ಎಚ್‌ಐವಿ ಸೋಂಕಿತರ ವಿರುದ್ಧದ ತಾರತಮ್ಯವನ್ನು 2017ರ ಕಾಯ್ದೆ ನಿಷೇಧಿಸಿದೆ. ಹೆಪಟೈಟಿಸ್ ಸೋಂಕಿತರಿಗೆ ಅಂಥ ಪ್ರತ್ಯೇಕ ರಕ್ಷಣೆಯಿಲ್ಲ. ಎಚ್‌ಐವಿ ಹೋರಾಟದಲ್ಲಿ ಸಮುದಾಯಗಳು ಕಟ್ಟಿದ ನಂಬಿಕೆಯ ಜಾಲದಲ್ಲೇ ಹೆಪಟೈಟಿಸ್ ಪರೀಕ್ಷೆಯನ್ನೂ ಸೇರಿಸುವುದು, ಹೆಪಟೈಟಿಸ್ ಸೋಂಕಿತರ ಘನತೆಯನ್ನು ಕಾನೂನಿನಿಂದಲೂ ಕಾಪಾಡುವುದು ಈಗ ಆಗಬೇಕಾದ ಕೆಲಸ.