ಗೋಡೆಯಿಂದ ಕಂಬಕ್ಕೆ: ಬೆಂಗಳೂರಿನ ಒಂಟಿಮನೆ ಹಾಗೂ ವಸತಿ ಸಮುಚ್ಚಯಗಳ ನಿರ್ಮಾಣ ವಿಧಾನ

ಬೆಂಗಳೂರಿನ ವಸತಿ ಚರಿತ್ರೆಯನ್ನು ಸಾಮಾನ್ಯವಾಗಿ ಬಡಾವಣೆಗಳ ವಿಸ್ತರಣೆಯ ದೃಷ್ಟಿಯಿಂದ ನಿರೂಪಿಸಲಾಗುತ್ತದೆ. ಆದರೆ ಕಟ್ಟಡದ ಭಾರವನ್ನು ಹೊರುವ ಅಂಗ ಯಾವುದು ಎಂಬ ಪ್ರಶ್ನೆಯಿಂದ ನೋಡಿದಾಗ, ಒಂಟಿಮನೆಗೂ ಬಹುಮಹಡಿ ವಸತಿ ಸಮುಚ್ಚಯಕ್ಕೂ ಇರುವ ಅಂತರ ಎತ್ತರಕ್ಕೆ ಮಾತ್ರ ಸಂಬಂಧಿಸಿದುದಲ್ಲ, ಒಡೆತನದ ಸ್ವರೂಪಕ್ಕೂ ಸಂಬಂಧಿಸಿದುದು ಎಂಬುದು ಸ್ಪಷ್ಟವಾಗುತ್ತದೆ.

1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಹಳೆಯ ಮನೆಗಳಲ್ಲಿ ಗೋಡೆಯೇ ಆಧಾರ. ಕಲ್ಲಿನ ಪಾಯದ ಮೇಲೆ ಇಟ್ಟಿಗೆಯ ದಪ್ಪ ಗೋಡೆಗಳನ್ನು ಎಬ್ಬಿಸಿ, ಮಂಗಳೂರು ಹೆಂಚಿನ ಮಾಡನ್ನೋ ಮದರಾಸು ತಾರಸಿಯನ್ನೋ ಕೂರಿಸಲಾಗುತ್ತಿತ್ತು. ಮದರಾಸು ತಾರಸಿಯಲ್ಲಿ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸುತ್ತಿದ್ದುದರಿಂದ, ತೊಲೆಯ ಉದ್ದವೇ ಕೋಣೆಯ ಅಗಲವನ್ನು ನಿರ್ಧರಿಸುತ್ತಿತ್ತು. ಮನೆಯ ಯಜಮಾನನೂ ಮೇಸ್ತ್ರಿಯೂ ಮುಖಾಮುಖಿ ನಿಂತು ಕಟ್ಟಿಸುತ್ತಿದ್ದ ಈ ಕ್ರಮದಲ್ಲಿ, ಮನೆಯನ್ನು ಹಂತಹಂತವಾಗಿ ವಿಸ್ತರಿಸಲು ಅವಕಾಶವಿತ್ತು.

ಗೋಡೆಯೇ ಭಾರ ಹೊರುವ ಕಟ್ಟಡದಲ್ಲಿ ಮಹಡಿಗಳು ಹೆಚ್ಚಿದಂತೆ ಕೆಳಗಿನ ಗೋಡೆ ದಪ್ಪವಾಗಬೇಕಾಗುತ್ತದೆ, ನೆಲ ವ್ಯರ್ಥವಾಗುತ್ತದೆ. ಬಲವರ್ಧಿತ ಕಾಂಕ್ರೀಟಿನ ಚೌಕಟ್ಟು ಈ ತೊಡಕನ್ನು ನಿವಾರಿಸಿತು. ಇಲ್ಲಿ ಚಪ್ಪಡಿಯ ಭಾರ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಪಾಯಕ್ಕೆ ಇಳಿಯುತ್ತದೆ. ನಡುವೆ ತುಂಬುವ ಗೋಡೆ ಕೇವಲ ಮರೆ. ಮಣ್ಣಿನ ಪರೀಕ್ಷೆ, ಎಂಜಿನಿಯರರ ಲೆಕ್ಕಾಚಾರ, ಕಾಂಕ್ರೀಟಿನ ಗುಣಪರೀಕ್ಷೆಗಳು ಅನಿವಾರ್ಯವಾದವು. ನಿವಾಸಿಯು ನಿರ್ಮಾಣದ ಸಾಕ್ಷಿಯಾಗಿ ಉಳಿಯದೆ ಕೊಳ್ಳುಗನಾದನು.

ಈ ಬದಲಾವಣೆಗೆ ಕಾನೂನು ಸ್ಪಂದಿಸಿದ ರೀತಿ ಗಮನಾರ್ಹವಾದುದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮವು ನೆಲ, ಪಾಯ, ಕಂಬ, ತೊಲೆ, ಮುಖ್ಯ ಗೋಡೆ ಹಾಗೂ ಛಾವಣಿಗಳನ್ನು ಸಾಮಾನ್ಯ ಸ್ವತ್ತೆಂದು ಪರಿಗಣಿಸಿತು. ಒಬ್ಬನ ಕೋಣೆಯೊಳಗೆ ನಿಂತ ಕಂಬವೂ ಎಲ್ಲರದ್ದಾಯಿತು. 2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮವು, ಸ್ವಾಧೀನ ನೀಡಿದ ಐದು ವರ್ಷಗಳೊಳಗೆ ತಿಳಿಸಲಾದ ರಚನಾದೋಷವನ್ನು ನಿರ್ಮಾಪಕನೇ ಉಚಿತವಾಗಿ ಸರಿಪಡಿಸಬೇಕೆಂದು ವಿಧಿಸಿತು. ಮೇಸ್ತ್ರಿಯ ಮಾತು ನಿರ್ವಹಿಸುತ್ತಿದ್ದ ಹೊಣೆಯನ್ನು ಕಾನೂನು ಹೊರಬೇಕಾಯಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆದರೂ ಈ ಎರಡು ವಿಧಾನಗಳ ಗಡಿ ಸ್ಥಿರವಾದುದಲ್ಲ. ಕಾಲಕ್ರಮದಲ್ಲಿ ಒಂಟಿಮನೆಗಳೂ ಕಾಂಕ್ರೀಟ್ ಚೌಕಟ್ಟನ್ನು ಅಳವಡಿಸಿಕೊಂಡವು. ಇದಕ್ಕೆ ಪ್ರತಿಯಾಗಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಅದುಮಿದ ಮಣ್ಣಿನ ಇಟ್ಟಿಗೆಯ ಮೂಲಕ ಭಾರ ಹೊರುವ ಗೋಡೆಗೆ ಹೊಸ ಜೀವ ನೀಡಿತು. ಇತ್ತ ಅಲ್ಯೂಮಿನಿಯಂ ಅಚ್ಚುಗಳಲ್ಲಿ ಗೋಡೆ, ಚಪ್ಪಡಿಗಳನ್ನು ಒಟ್ಟಿಗೆ ಎರಕ ಹೊಯ್ಯುವ ಸಮುಚ್ಚಯಗಳಲ್ಲಿ ಗೋಡೆಯೇ ಮತ್ತೆ ಆಧಾರವಾಗಿದೆ. ಆದರೆ ಹಳೆಯ ಮನೆಯ ಯಜಮಾನನಿಗಿದ್ದ, ಗೋಡೆಯನ್ನು ಒಡೆದು ಕಟ್ಟುವ ಸ್ವಾತಂತ್ರ್ಯ ಇಲ್ಲಿಯ ನಿವಾಸಿಗಿಲ್ಲ. ಅವನು ಅಡ್ಡಿಯೆಂದು ಕೆಡವುವ ಗೋಡೆ ನೆರೆಯವನ ಮನೆಯನ್ನೂ ಹೊತ್ತಿರುತ್ತದೆ.